ದಾಖಲೆಗೆ ಹೆಸರಲ್ಲ, ನಂಬರು

ಸರ್ಕಾರಿ ಕಚೇರಿಗೆ ಮನೆಯ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರು. ಕಂದಾಯ ಇಲಾಖೆ ಕೊಟ್ಟ ನಂಬರು ಒಂದು, ನಗರಪಾಲಿಕೆ ಕೊಟ್ಟದ್ದು ಇನ್ನೊಂದು, ನೋಂದಣಿ ಕಚೇರಿಯದು ಮತ್ತೊಂದು. ಜಗಳ ಕೋರ್ಟಿನ ಮೆಟ್ಟಿಲು ಹತ್ತಿದರೆ ಕೋರ್ಟು ತನ್ನದೊಂದನ್ನು ಕೊಡುತ್ತದೆ. ಈ ನಾಲ್ಕೂ ಒಂದೇ ಅಂಗಳಕ್ಕೆ ಸೇರಿದವು. ಆದರೂ ಒಂದು ಕಚೇರಿಯ ನಂಬರನ್ನು ಇನ್ನೊಂದು ಕಚೇರಿಯ ಜಾಲತಾಣದಲ್ಲಿ ಒತ್ತಿದರೆ ಬರುವ ಉತ್ತರ ಒಂದೇ: ದಾಖಲೆ ಸಿಗಲಿಲ್ಲ. ದಾಖಲೆ ಅಲ್ಲಿಯೇ ಇರುತ್ತದೆ, ಕೀಲಿಕೈ ಮಾತ್ರ ಬೇರೆ ಬೀಗದ್ದು. ಅಂತರಜಾಲದಲ್ಲಿ ಸಾರ್ವಜನಿಕ ದಾಖಲೆ ಹುಡುಕುವುದೆಂದರೆ ಬಹುಮಟ್ಟಿಗೆ ಒಂದು ನಂಬರಿನಿಂದ ಇನ್ನೊಂದು ನಂಬರಿಗೆ ದಾಟುವುದು.

ಗುಜರಾತಿನ ಅಹಮದಾಬಾದ್, ವಡೋದರ, ಸೂರತ್ ನಗರಗಳಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರಕ್ಕೆ, ವಡೋದರ ಬಳಿಯ ಕೊಯಲಿ ತೈಲಾಗಾರಕ್ಕೆ, ಸೂರತ್ತಿನ ಹಜೀರಾ ಕಾರ್ಖಾನೆಗಳಿಗೆ ಕೆಲಸಕ್ಕೆಂದು ಹೋದ ಕನ್ನಡಿಗರಿದ್ದಾರೆ. ಅಲ್ಲಿ ಮನೆ ಕೊಂಡು, ನಿವೃತ್ತರಾಗಿ ಊರಿಗೆ ಮರಳಿದರೆ ಕಾಗದಪತ್ರ ಗುಜರಾತಿಯಲ್ಲಿ ಉಳಿಯುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ಅದನ್ನು ಹುಡುಕಬೇಕಾಗುತ್ತದೆ. ಅಂಥ ಕೇಳುಗರು ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಪದಗಳು. ಕರ್ನಾಟಕದ ಪಹಣಿಗೆ ಗುಜರಾತಿನಲ್ಲಿ ‘ಸಾತ್-ಬಾರ್’ ಎನ್ನುತ್ತಾರೆ. ಗ್ರಾಮ ನಮೂನೆ 7 ಮತ್ತು 12 ಸೇರಿ ಬಂದ ಹೆಸರು ಅದು. ಏಳರಲ್ಲಿ ಒಡೆತನ, ಹನ್ನೆರಡರಲ್ಲಿ ಬೆಳೆ. ಖಾತೆದಾರನ ಎಲ್ಲ ಜಮೀನನ್ನು ಒಟ್ಟಿಗೆ ತೋರಿಸುವ ಕಾಗದ ‘ಆಠ್-ಅ’, ಅಂದರೆ ನಮೂನೆ 8-ಅ. ಮ್ಯುಟೇಷನ್ ವಹಿ ನಮೂನೆ 6. ಅದರ ಒಂದೊಂದು ಸಾಲೂ ಒಂದು ‘ನೋಂಧ್’. ಗ್ರಾಮಲೆಕ್ಕಿಗನನ್ನು ತಲಾಟಿ ಎನ್ನುತ್ತಾರೆ, ತಹಸೀಲ್ದಾರನನ್ನು ಮಾಮಲತ್‌ದಾರ್. ಮಾರ್ಗಸೂಚಿ ಬೆಲೆಗೆ ‘ಜಂತ್ರಿ’, ಕ್ರಯಪತ್ರಕ್ಕೆ ‘ದಸ್ತಾವೇಜ್’. ಮುಂಬಯಿ ಕರ್ನಾಟಕದ ಹಿರಿಯರಿಗೆ ಇವುಗಳಲ್ಲಿ ಅರ್ಧ ಹೊಸದಲ್ಲ. ಬೆಳಗಾವಿಯೂ ಸೂರತ್ತೂ ಒಂದು ಕಾಲಕ್ಕೆ ಒಂದೇ ಮುಂಬಯಿ ಪ್ರಾಂತದ ಕಂದಾಯ ಕಾನೂನಿನ ಕೆಳಗೆ ಇದ್ದವು.

ಪದಗಳ ನಂತರ ಅಂಕಿಗಳು. ಹಳೆಯ ಸಾತ್-ಬಾರ್‌ಗಳಲ್ಲಿ ಅಂಕಿಗಳೂ ಗುಜರಾತಿಯಲ್ಲಿರುತ್ತವೆ. ಹಿಂದಿ ಬಲ್ಲವರು ಗುಜರಾತಿ ಲಿಪಿಯನ್ನು ಬೇಗ ಕಲಿಯುತ್ತಾರೆ, ಏಕೆಂದರೆ ಅದು ತಲೆಗೆರೆ ಇಲ್ಲದ ನಾಗರಿಯಂತೆ ಕಾಣುತ್ತದೆ. ಅಂಕಿಗಳಲ್ಲಿ ಮಾತ್ರ ಎರಡು ಕಡೆ ಕಾಲು ಜಾರುತ್ತದೆ. ಅಲ್ಲಿನ ಎರಡು, ಗುಜರಾತಿಯ ‘ರ’ ಅಕ್ಷರದಂತಿದೆ. ಅಲ್ಲಿನ ಐದು, ‘ಪ’ ಅಕ್ಷರದಂತಿದೆ. ಸರ್ವೆ ನಂಬರಿನ ಪಕ್ಕದಲ್ಲಿ ‘ಪ’ ಕಂಡರೆ ಅದು ಅಕ್ಷರವೋ ಅಂಕಿಯೋ ಎಂದು ಎರಡು ಸಲ ನೋಡಬೇಕು. ಪೋಟ್ ಹಿಸ್ಸೆಗೆ, ಅಂದರೆ ಉಪವಿಭಾಗಕ್ಕೆ, ಅಕ್ಷರಗಳನ್ನೂ ಬಳಸುವುದರಿಂದ ಈ ಗೊಂದಲ ಸಣ್ಣದಲ್ಲ.

ಮೂರನೆಯದು ವಿಳಾಸ. ಅಂಚೆಯವನಿಗೆ ಗೊತ್ತಿರುವ ಬಡಾವಣೆಯ ಹೆಸರು ಕಂದಾಯ ದಾಖಲೆಯಲ್ಲಿ ಇರಲೇಬೇಕೆಂದಿಲ್ಲ. ಅಹಮದಾಬಾದಿನಲ್ಲಿ ‘ಸ್ಯಾಟಲೈಟ್’ ಎಂಬ ಬಡಾವಣೆ ಎಲ್ಲರಿಗೂ ಗೊತ್ತು. ಉಪಗ್ರಹ ಕೇಂದ್ರದಿಂದ ಬಂದ ಆ ಹೆಸರಿನ ಹಳ್ಳಿ ಯಾವ ಕಾಲಕ್ಕೂ ಇರಲಿಲ್ಲ. ಆ ನೆಲ ಜೋಧಪುರ, ವೇಜಲಪುರ ಮೊದಲಾದ ಹಳ್ಳಿಗಳದ್ದು. ದಾಖಲೆ ತೆರೆಯುವುದು ಆ ಹಳ್ಳಿಗಳ ಹೆಸರಿಗೆ. ಕ್ರಯಪತ್ರದಲ್ಲಿ ‘ಮೋಜೆ’ ಎಂಬ ಪದದ ಮುಂದೆ ಬರುವುದೇ ಆ ಹಳ್ಳಿಯ ಹೆಸರು. ನಮ್ಮ ‘ಮೌಜೆ’ಯೇ ಅದು. ಸೂರತ್ತಿನ ಅಡಾಜಣ್, ವೇಸು ಹಳ್ಳಿಗಳಾಗಿಯೇ ಇದ್ದವು, ಹೆಸರೂ ಹಾಗೆಯೇ ಉಳಿದಿದೆ. ಅಲ್ಲಿ ಈ ತೊಡಕು ಕಡಿಮೆ.

ಇಷ್ಟು ಕೈಯಲ್ಲಿದ್ದರೆ ಮೊದಲ ಬಾಗಿಲು ತಟ್ಟಬಹುದು: ಜಿಲ್ಲೆ, ತಾಲ್ಲೂಕು, ಮೋಜೆ, ಸರ್ವೆ ನಂಬರು.

ಆ ಬಾಗಿಲಿನ ಹೆಸರು ‘ಎನಿ ಆರ್‌ಒಆರ್’. ಗುಜರಾತ್ ಕಂದಾಯ ಇಲಾಖೆಯ ಜಾಲತಾಣ ಅದು. ಕರ್ನಾಟಕದಲ್ಲಿ 2000ರ ಸುಮಾರಿಗೆ ‘ಭೂಮಿ’ ಯೋಜನೆ ಮಾಡಿದ ಕೆಲಸವನ್ನು ಅಲ್ಲಿ 2004ರ ಸುಮಾರಿಗೆ ‘ಇ-ಧರಾ’ ಎಂಬ ಯೋಜನೆ ಮಾಡಿತು. ಜಾಲತಾಣದಲ್ಲಿ ಗ್ರಾಮೀಣ ಮತ್ತು ನಗರ ಎಂದು ಎರಡು ಕವಲುಗಳಿವೆ. ಗ್ರಾಮೀಣ ಕವಲಿನಲ್ಲಿ ಸಾತ್-ಬಾರ್, ಆಠ್-ಅ, ನೋಂಧ್ ಎಲ್ಲವನ್ನೂ ಹಣ ಕೊಡದೆ ನೋಡಬಹುದು. ಮಾಲೀಕನ ಹೆಸರಿನಿಂದ ಖಾತೆ ಹುಡುಕುವ ಅನುಕೂಲವೂ ಇದೆ. ಆದರೆ ಅದು ಒಂದು ಹಳ್ಳಿಯೊಳಗೆ ಮಾತ್ರ. ಇಡೀ ಜಿಲ್ಲೆಯಲ್ಲಿ ಒಬ್ಬರ ಆಸ್ತಿ ಎಷ್ಟಿದೆ ಎಂದು ಅಲ್ಲಿ ಕೇಳುವಂತಿಲ್ಲ.

ನಮೂನೆ 7 ತೆರೆದಾಗ ಕಣ್ಣು ಮೊದಲು ಹೋಗಬೇಕಾದ್ದು ಮಾಲೀಕನ ಹೆಸರಿಗಲ್ಲ, ಭೂಧಾರಣೆಯ ಬಗೆ ಎಂಬ ಕಲಮಿಗೆ. ‘ಜೂನಿ ಶರತ್’ ಎಂದಿದ್ದರೆ ಹಳೆಯ ಷರತ್ತಿನ ಜಮೀನು. ‘ನವೀ ಶರತ್’ ಎಂದಿದ್ದರೆ ಮಾರುವುದಕ್ಕೆ ಕಲೆಕ್ಟರ್ ಅನುಮತಿ ಮತ್ತು ಸರ್ಕಾರಕ್ಕೆ ಕಟ್ಟುವ ಪ್ರೀಮಿಯಂ ಬೇಕಾಗಬಹುದು. ಆಮೇಲೆ ನೋಡಬೇಕಾದ್ದು ಹೆಸರುಗಳ ಹತ್ತಿರ ಸಾಲಾಗಿ ನಿಂತ ನೋಂಧ್ ನಂಬರುಗಳನ್ನು. ಪ್ರತಿ ನಂಬರೂ ಒಂದು ಕಥೆ: ಮಾರಾಟ, ವಾರಸು, ಪಾಲು, ಬ್ಯಾಂಕ್ ಸಾಲ. ಒಂದೊಂದನ್ನೇ ನಮೂನೆ 6ರಲ್ಲಿ ತೆರೆಯುತ್ತಾ ಹಿಂದಕ್ಕೆ ಹೋದರೆ ಜಮೀನಿನ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪುಟಗಳನ್ನು ಸ್ಕ್ಯಾನ್ ಮಾಡಿ ಬೇರೆ ವಿಭಾಗದಲ್ಲಿ ಇಟ್ಟಿದ್ದಾರೆ. ಆ ಕೈಬರಹವನ್ನು ಓದಲು ಊರಿನ ಒಬ್ಬ ಹಳೆಯ ತಲಾಟಿಯೇ ಬೇಕಾಗಬಹುದು. ಆದರೂ ಪುಟ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲೊಂದು ಎಚ್ಚರಿಕೆ. ಮರು ಮೋಜಣಿ ಮುಗಿದ ಹಳ್ಳಿಗಳಲ್ಲಿ ಸರ್ವೆ ನಂಬರುಗಳೇ ಬದಲಾಗಿವೆ. ಕ್ರಯಪತ್ರದ ಹಳೆಯ ನಂಬರನ್ನು ಒತ್ತಿದರೆ ಬೇರೆ ಯಾರದೋ ಹೊಲ ತೆರೆದೀತು. ಹಳೆಯ ನಂಬರಿಗೆ ಹೊಸ ನಂಬರು ಯಾವುದು ಎಂದು ತಿಳಿಸುವ ಪುಟ ಅದೇ ಜಾಲತಾಣದಲ್ಲಿದೆ. ಮೊದಲು ಅದನ್ನೇ ನೋಡಬೇಕು. ವಿಸ್ತೀರ್ಣ ತಾಳೆಯಾದರೆ ಮಾತ್ರ ಮುಂದುವರಿಯಬೇಕು.

ಇಲ್ಲಿಯವರೆಗೆ ಹೊಲದ ಮಾತಾಯಿತು: ಮೋಜೆ, ಸರ್ವೆ ನಂಬರು, ನೋಂಧ್. ಆದರೆ ಹೆಚ್ಚಿನ ಕನ್ನಡಿಗರು ಕೊಂಡದ್ದು ಹೊಲವನ್ನಲ್ಲ, ಫ್ಲ್ಯಾಟನ್ನು. ಕೃಷಿಕನಲ್ಲದವನು ಗುಜರಾತಿನಲ್ಲಿ ಕೃಷಿ ಜಮೀನು ಕೊಳ್ಳುವುದಕ್ಕೆ ಕಾನೂನಿನ ತಡೆ ಇದೆ.

ಫ್ಲ್ಯಾಟಿನ ದಾಖಲೆಗೆ ದಾಟಲು ಒಂದು ಸೇತುವೆ ಬೇಕು. ಅದು ಟೌನ್ ಪ್ಲಾನಿಂಗ್ ಸ್ಕೀಮ್, ಜನರ ಬಾಯಲ್ಲಿ ‘ಟಿಪಿ’. ನಗರ ಬೆಳೆಯುವಾಗ ಗುಜರಾತ್ ಸರ್ಕಾರ ಹೊಲಗಳನ್ನು ಪೂರ್ತಿಯಾಗಿ ಸ್ವಾಧೀನಪಡಿಸಿಕೊಳ್ಳುವ ಬದಲು ಇನ್ನೊಂದು ದಾರಿ ಹಿಡಿಯಿತು. ಒಂದು ಪ್ರದೇಶದ ಹೊಲಗಳನ್ನೆಲ್ಲ ಕಾಗದದ ಮೇಲೆ ಒಟ್ಟು ಮಾಡುತ್ತಾರೆ. ರಸ್ತೆ, ಶಾಲೆ, ಉದ್ಯಾನಕ್ಕೆಂದು ಒಂದು ಪಾಲು ಕಡಿತ ಮಾಡುತ್ತಾರೆ. ಉಳಿದದ್ದನ್ನು ಅಚ್ಚುಕಟ್ಟಾದ ಆಕಾರದಲ್ಲಿ ಮಾಲೀಕರಿಗೆ ಹಿಂದಿರುಗಿಸುತ್ತಾರೆ. ಮುಂಬಯಿ ಪ್ರಾಂತದ 1915ರ ಕಾಯ್ದೆಯಿಂದ ಬಂದ ಈ ಪದ್ಧತಿ ಈಗ 1976ರ ಗುಜರಾತ್ ಕಾಯ್ದೆಯ ಕೆಳಗೆ ನಡೆಯುತ್ತಿದೆ. ಹೀಗೆ ಹಿಂದಿರುಗಿದ ತುಂಡಿನ ಹೆಸರು ಫೈನಲ್ ಪ್ಲಾಟ್, ಸಂಕ್ಷೇಪದಲ್ಲಿ ‘ಎಫ್‌ಪಿ’. ಅದರೊಂದಿಗೆ ಹಳೆಯ ಸರ್ವೆ ನಂಬರು ಬಳಕೆಯಿಂದ ಮರೆಯಾಗುತ್ತದೆ.

ಹಾಗಾದರೆ ಯಾವ ಸರ್ವೆ ನಂಬರು ಯಾವ ಎಫ್‌ಪಿ ಆಯಿತು ಎಂದು ತಿಳಿಯುವುದು ಹೇಗೆ? ಅದಕ್ಕೆ ‘ಎಫ್ ಫಾರ್ಮ್’ ಎಂಬ ತಖ್ತೆ ಇದೆ. ಒಂದು ಸಾಲಿನಲ್ಲಿ ಹಳೆಯ ಮಾಲೀಕ, ಸರ್ವೆ ನಂಬರು, ಮೂಲ ಪ್ಲಾಟು, ಅಂತಿಮ ಪ್ಲಾಟು, ಎರಡರ ವಿಸ್ತೀರ್ಣ, ಎಲ್ಲವೂ ಸಿಗುತ್ತವೆ. ಮೂರು ನಗರಗಳಲ್ಲಿ ದೊರೆಯುವ ಕಾಗದಗಳಲ್ಲಿ ಇಷ್ಟು ಉಪಕಾರಿಯಾದ, ಇಷ್ಟು ಕಡಿಮೆ ಜನ ಕೇಳುವ ಕಾಗದ ಇನ್ನೊಂದಿಲ್ಲ. ಅಹಮದಾಬಾದಿನಲ್ಲಿ ಔಡಾ, ವಡೋದರದಲ್ಲಿ ವುಡಾ, ಸೂರತ್ತಿನಲ್ಲಿ ಸುಡಾ ಎಂಬ ನಗರಾಭಿವೃದ್ಧಿ ಪ್ರಾಧಿಕಾರಗಳಿವೆ. ಟಿಪಿ ಯೋಜನೆಗಳನ್ನು ಇವು ಮತ್ತು ಮಹಾನಗರಪಾಲಿಕೆಗಳು ಮಾಡುತ್ತವೆ. ಯೋಜನೆಗಳ ಪಟ್ಟಿಯನ್ನು, ಎಷ್ಟೋ ನಕ್ಷೆಗಳನ್ನು ಅವುಗಳ ಜಾಲತಾಣಗಳಲ್ಲಿ ನೋಡಬಹುದು. ಯೋಜನೆ ಕರಡೋ, ಪ್ರಾಥಮಿಕವೋ, ಅಂತಿಮವೋ ಎಂದೂ ನೋಡಬೇಕು. ಕರಡಿನ ನಂಬರು ಮುಂದೆ ಬದಲಾಗಬಹುದು.

ಎಫ್‌ಪಿ ಸಿಕ್ಕ ಮೇಲೆ ಎನಿ ಆರ್‌ಒಆರ್‌ನ ನಗರ ಕವಲಿಗೆ ಮರಳಬಹುದು. ಅಲ್ಲಿ ಸಾತ್-ಬಾರ್ ಬದಲು ‘ಪ್ರಾಪರ್ಟಿ ಕಾರ್ಡ್’ ಇರುತ್ತದೆ. ಅದು ಕೇಳುವುದು ಸಿಟಿ ಸರ್ವೆ ಕಚೇರಿ, ವಾರ್ಡು, ಸಿಟಿ ಸರ್ವೆ ನಂಬರು, ಶೀಟ್ ನಂಬರು. ಅಹಮದಾಬಾದಿನ ಕೋಟೆಯೊಳಗಿನ ಪೋಳ್ ಮನೆಗಳಿಗೂ ಇದೇ ದಾರಿ. ಪೋಳ್ ಎಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಒತ್ತಾಗಿ ಕಟ್ಟಿದ ಮನೆಗಳ ಕೇರಿ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಹಳೆಯ ನಗರದಲ್ಲಿ ಸಾತ್-ಬಾರ್ ಹುಡುಕಿ ಫಲವಿಲ್ಲ.

ಪ್ರಾಪರ್ಟಿ ಕಾರ್ಡಿನಲ್ಲಿ ಫ್ಲ್ಯಾಟಿನ ಮಾಲೀಕನ ಹೆಸರು ಕಾಣದಿದ್ದರೆ ಎದೆ ಒಡೆದುಕೊಳ್ಳಬೇಕಿಲ್ಲ. ಅಲ್ಲಿ ಎಷ್ಟೋ ಸಲ ಸಹಕಾರಿ ಗೃಹನಿರ್ಮಾಣ ಸೊಸೈಟಿಯ ಹೆಸರು ಇರುತ್ತದೆ. ಗುಜರಾತಿನ ಹಳೆಯ ಸೊಸೈಟಿಗಳಲ್ಲಿ ನೆಲ ಸೊಸೈಟಿಯದು. ಸದಸ್ಯನ ಹಕ್ಕು ಷೇರು ಪತ್ರ ಮತ್ತು ಹಂಚಿಕೆ ಪತ್ರದಲ್ಲಿ ಇರುತ್ತದೆ. ಅಂಥ ಮನೆ ಕೈ ಬದಲಾದದ್ದು ಸರ್ಕಾರದ ಯಾವ ಜಾಲತಾಣದಲ್ಲೂ ಕಾಣದೇ ಇರಬಹುದು. ಅದರ ದಾಖಲೆ ಸೊಸೈಟಿಯ ಕಾರ್ಯದರ್ಶಿಯ ಕಪಾಟಿನಲ್ಲಿ.

ಈಗ ಸರ್ವೆ ನಂಬರಿನಿಂದ ಎಫ್‌ಪಿಗೆ, ಎಫ್‌ಪಿಯಿಂದ ಪ್ರಾಪರ್ಟಿ ಕಾರ್ಡಿಗೆ ಬಂದದ್ದಾಯಿತು. ಮುಂದಿನ ಕಚೇರಿ ನೋಂದಣಿಯದು.

ಕರ್ನಾಟಕದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸುವುದು ರೂಢಿ. ಗುಜರಾತಿನ ರೂಢಿ ಸ್ವಲ್ಪ ಬೇರೆ. ಅಲ್ಲಿನ ವಕೀಲರು ಮಾತಾಡುವುದು ‘ಇಂಡೆಕ್ಸ್ ಟೂ’ ಕುರಿತು. ನೋಂದಣಿಯಾದ ದಸ್ತಾವೇಜಿನ ಸಾರಾಂಶ ಅದು: ಕೊಟ್ಟವರು, ಕೊಂಡವರು, ಆಸ್ತಿ, ಬೆಲೆ, ದಿನಾಂಕ. ನೋಂದಣಿ ಇಲಾಖೆಯ ‘ಗರ್ವಿ’ ಎಂಬ ಜಾಲತಾಣದಲ್ಲಿ ಶುಲ್ಕ ಕಟ್ಟಿ ಇದನ್ನು ಪಡೆಯಬಹುದು. ಬೇಕಾದ ಕೀಲಿಕೈ ಮೂರು ತುಂಡಿನದು: ಉಪನೋಂದಣಿ ಕಚೇರಿ, ದಸ್ತಾವೇಜಿನ ನಂಬರು, ವರ್ಷ. ವರ್ಷ ತಪ್ಪಿದರೆ ನಂಬರು ವ್ಯರ್ಥ, ಏಕೆಂದರೆ ಪ್ರತಿ ವರ್ಷವೂ ಎಣಿಕೆ ಒಂದರಿಂದ ಶುರು.

ಹೆಸರಿನಿಂದಲೇ ಹುಡುಕಬೇಕಾಗಿ ಬಂದರೆ ಮನೆಯ ಹೆಂಗಸರ ಹೆಸರನ್ನೂ ಹಾಕಿ ನೋಡಬೇಕು. ಕೊಳ್ಳುವವರು ಮಹಿಳೆಯಾದರೆ ಗುಜರಾತಿನಲ್ಲಿ ನೋಂದಣಿ ಶುಲ್ಕದ ವಿನಾಯಿತಿ ಉಂಟು. ಬೆಲೆಯ ನೂರಕ್ಕೆ ಒಂದರಷ್ಟು ಉಳಿತಾಯ ಸಣ್ಣದೇನಲ್ಲ. ಅಪ್ಪ ಕೊಂಡ ಮನೆ ಎಂದು ಮಕ್ಕಳು ತಿಳಿದದ್ದು ಅಮ್ಮನ ಹೆಸರಿನಲ್ಲಿ ಇದ್ದೀತು.

ಬೆಲೆಯ ಕಲಮನ್ನು ನೋಡುವಾಗ ಜಂತ್ರಿಯ ನೆನಪಿರಲಿ. 2011ರ ದರಗಳೇ ಬಹುಕಾಲ ಮುಂದುವರಿದು 2023ರ ಏಪ್ರಿಲಿನಲ್ಲಿ ಒಮ್ಮೆಲೇ ದುಪ್ಪಟ್ಟಾದವು. ಆದ್ದರಿಂದ ದಸ್ತಾವೇಜಿನ ಬೆಲೆ ಹಾರಿದೆ ಎಂದರೆ ಪೇಟೆಯ ಬೆಲೆ ಅಷ್ಟೇ ಹಾರಿದೆ ಎಂದಲ್ಲ. ಇನ್ನೊಂದು ಸಂಗತಿ. ಈ ಮೂರೂ ನಗರಗಳ ಕೆಲವು ಪ್ರದೇಶಗಳು 1991ರ ‘ಅಶಾಂತ ಪ್ರದೇಶ’ ಕಾಯ್ದೆಯ ಕೆಳಗೆ ಬರುತ್ತವೆ. ಅಲ್ಲಿ ಮಾರಾಟಕ್ಕೆ ಕಲೆಕ್ಟರ್ ಪೂರ್ವಾನುಮತಿ ಬೇಕು. ಆಸ್ತಿ ಅಂಥ ಪ್ರದೇಶದ್ದಾದರೆ ಇಂಡೆಕ್ಸ್ ಟೂ ಒಂದೇ ಸಾಲದು, ಅನುಮತಿ ಪತ್ರವನ್ನೂ ಕೇಳಿ ಪಡೆಯಬೇಕು.

ಹೊಸ ಫ್ಲ್ಯಾಟಾದರೆ ದಾರಿ ಹಸನು. ‘ಗುಜ್‌ರೇರಾ’ ಜಾಲತಾಣದಲ್ಲಿ ಯೋಜನೆಯ ಮಂಜೂರಾದ ನಕ್ಷೆ, ನೆಲದ ಕಾಗದ, ಕೆಲಸದ ಪ್ರಗತಿ ಎಲ್ಲವೂ ಇವೆ. ನೋಂದಣಿ ಸಂಖ್ಯೆಯಲ್ಲಿಯೇ ರಾಜ್ಯ, ಜಿಲ್ಲೆ, ತಾಲ್ಲೂಕು, ಪ್ರಾಧಿಕಾರದ ಹೆಸರು ಸೇರಿರುತ್ತವೆ. ಆಸ್ತಿ ತೆರಿಗೆಗೆ ಅಹಮದಾಬಾದ್ ಮತ್ತು ಸೂರತ್ತಿನಲ್ಲಿ ‘ಟೆನೆಮೆಂಟ್ ನಂಬರು’ ಬೇಕು. ಅದು ತೆರಿಗೆ ಬಿಲ್ಲಿನ ಮೇಲೆ ಇರುತ್ತದೆ. ಆದರೆ ತೆರಿಗೆ ಕಟ್ಟಿದವರೇ ಒಡೆಯರೆಂದು ಆ ಬಿಲ್ಲು ಹೇಳುವುದಿಲ್ಲ.

ಕೇಳುಗರೇ, ಆಸ್ತಿಯ ಸರಪಳಿ ಹೀಗಾಯಿತು: ಸರ್ವೆ ನಂಬರು, ಎಫ್‌ಪಿ, ಪ್ರಾಪರ್ಟಿ ಕಾರ್ಡು, ದಸ್ತಾವೇಜಿನ ನಂಬರು. ಇನ್ನು ಹಳೆಯ ಕಾಗದಗಳ ಕಡೆಗೆ ಬರಬಹುದು. ಇಲ್ಲಿ ವಡೋದರ ಉಳಿದ ಎರಡಕ್ಕಿಂತ ಬೇರೆ.

ಅಹಮದಾಬಾದ್ ಮತ್ತು ಸೂರತ್ ಬ್ರಿಟಿಷರ ಮುಂಬಯಿ ಪ್ರಾಂತದ ಜಿಲ್ಲೆಗಳು. ವಡೋದರ ಗಾಯಕವಾಡರ ರಾಜಧಾನಿ. ನಮ್ಮ ಮೈಸೂರಿನಂತೆ ಅದೂ ಸಂಸ್ಥಾನ. 1949ರ ಮೇ 1ರಂದು ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದಕ್ಕೆ ಹಿಂದಿನ ದಾಖಲೆ ಬೇಕಾದವರು ಗುಜರಾತ್ ರಾಜ್ಯ ಪತ್ರಾಗಾರದ ವಡೋದರ ಕಚೇರಿಯತ್ತ ನೋಡಬೇಕು. ಮರಾಠಿಯ ಮೋಡಿ ಲಿಪಿಯ ಕಾಗದಗಳೂ ಅಲ್ಲಿವೆ. ಅಂತರಜಾಲದಲ್ಲಿ ಹುಡುಕುವಾಗ ‘ವಡೋದರ’ ಎಂದು ಬರೆದರೆ ಹಳೆಯದು ಸಿಗುವುದಿಲ್ಲ. ‘ಬರೋಡ’ ಎನ್ನಬೇಕು. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 1974ರಲ್ಲಿ. ವಿಶ್ವವಿದ್ಯಾಲಯ, ಬ್ಯಾಂಕು ಇಂದಿಗೂ ಹಳೆಯ ಹೆಸರನ್ನೇ ಇಟ್ಟುಕೊಂಡಿವೆ.

ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಸಂಸ್ಥಾನಗಳಿಗೆ ಸಂಬಂಧಿಸಿದ ಬ್ರಿಟಿಷ್ ಕಡತಗಳಿವೆ. ಮುಂಬಯಿ ಪ್ರಾಂತದ ಹಳೆಯ ಗೆಜೆಟಿಯರುಗಳೂ ಸ್ಕ್ಯಾನ್ ಆಗಿವೆ. ಧಾರವಾಡ, ಬಿಜಾಪುರ, ಉತ್ತರ ಕನ್ನಡ ಕುರಿತ ಸಂಪುಟಗಳನ್ನು ಬಲ್ಲವರಿಗೆ ಇದೇ ಮಾಲೆಯಲ್ಲಿ ಸೂರತ್, ಅಹಮದಾಬಾದ್, ಬರೋಡಗಳೂ ಸಿಗುತ್ತವೆ.

ಹಳೆಯ ಗುಜರಾತಿ ಕಾಗದದ ತಾರೀಖು ಬಿಡಿಸಲು ಕನ್ನಡಿಗನಿಗೆ ಒಂದು ಅನುಕೂಲವಿದೆ. ಅಲ್ಲಿ ಎಣಿಸುವುದು ವಿಕ್ರಮ ಸಂವತ್ತನ್ನು. ವರ್ಷ ಶುರುವಾಗುವುದು ಯುಗಾದಿಗಲ್ಲ, ನಮ್ಮ ಬಲಿಪಾಡ್ಯಮಿಯ ದಿನ. ತಿಂಗಳುಗಳು ನಮ್ಮಂತೆಯೇ ಅಮಾವಾಸ್ಯೆಗೆ ಮುಗಿಯುತ್ತವೆ. ‘ಸುದ’ ಎಂದರೆ ಶುದ್ಧ, ‘ವದ’ ಎಂದರೆ ಬಹುಳ. ಬಲಿಪಾಡ್ಯಮಿಯಿಂದ ಡಿಸೆಂಬರ್ ಕೊನೆಯವರೆಗಿನ ದಿನವಾದರೆ ಸಂವತ್ತಿನಿಂದ 57 ಕಳೆಯಬೇಕು. ಜನವರಿಯಿಂದ ದೀಪಾವಳಿ ಅಮಾವಾಸ್ಯೆಯವರೆಗೆ 56. ಸಂವತ್ 2000ದ ಕಾರ್ತಿಕ ಎಂದರೆ 1943. ಅದೇ ಸಂವತ್ತಿನ ಚೈತ್ರ ಎಂದರೆ 1944.

ಆಸ್ತಿ ಆಯಿತು, ಹಳೆಯ ಕಡತ ಆಯಿತು. ಮೂರನೆಯದು ವ್ಯಾಪಾರ. ಇದಕ್ಕೆ ಸೂರತ್ತಿಗಿಂತ ಒಳ್ಳೆಯ ಉದಾಹರಣೆ ಬೇಡ.

ಸೂರತ್ತಿನಿಂದ ಸೀರೆ ತರಿಸುವ ಹುಬ್ಬಳ್ಳಿಯ ಅಂಗಡಿಯವರಿಗೆ ಎದುರಿನ ವ್ಯಾಪಾರಿ ಯಾರು ಎಂದು ತಿಳಿಯಬೇಕು. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಹುಡುಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಬಟ್ಟೆ, ವಜ್ರದ ಪೇಟೆಯಲ್ಲಿ ಪಾಲುದಾರಿಕೆಯೂ ಕುಟುಂಬದ ವ್ಯಾಪಾರವೂ ಬಳಕೆಯಲ್ಲಿವೆ. ಅವು ಕಂಪನಿಗಳಲ್ಲ. ಅಂಥವರನ್ನು ಹುಡುಕಬೇಕಾದ್ದು ಜಿಎಸ್‌ಟಿ ಜಾಲತಾಣದಲ್ಲಿ. ಬಿಲ್ಲಿನ ಮೇಲೆ 15 ಅಕ್ಷರದ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಗುಜರಾತಿಗೆ 24, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಒಟ್ಟು ಸಂಖ್ಯೆಯಲ್ಲಿ ಆರನೆಯ ಅಕ್ಷರ ಸ್ವಾರಸ್ಯದ್ದು. ಅದು ‘ಪಿ’ ಆದರೆ ಒಬ್ಬ ವ್ಯಕ್ತಿ, ‘ಎಫ್’ ಆದರೆ ಪಾಲುದಾರಿಕೆ, ‘ಎಚ್’ ಆದರೆ ಹಿಂದೂ ಅವಿಭಕ್ತ ಕುಟುಂಬ, ‘ಸಿ’ ಆದರೆ ಕಂಪನಿ. ‘ಸಿ’ ಎಂದಿದ್ದರೆ ಕಂಪನಿ ಸಚಿವಾಲಯದ ಬಾಗಿಲು ತಟ್ಟುವುದು ಸರಿ. ಅಲ್ಲಿ 21 ಅಕ್ಷರದ ಇನ್ನೊಂದು ಸಂಖ್ಯೆ ಸಿಗುತ್ತದೆ. ಕಂಪನಿ ಹುಟ್ಟಿದ ವರ್ಷ ಅದರೊಳಗೇ ಇದೆ.

ನೋಂದಣಿ ರದ್ದಾಗಿದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ ಎಂಬುದೂ ಜಿಎಸ್‌ಟಿ ಪುಟದಲ್ಲಿ ಕಾಣುತ್ತದೆ. ಮುಂಗಡ ಹಣ ಕಳಿಸುವ ಮುಂಚೆ ಇದಕ್ಕೆ ಎರಡು ನಿಮಿಷ ಕೊಟ್ಟರೆ ನಷ್ಟವಿಲ್ಲ.

ವ್ಯಾಪಾರದ ಬೆನ್ನಿಗೇ ವ್ಯಾಜ್ಯ. ‘ಇ-ಕೋರ್ಟ್ಸ್’ ಸೇವೆಯಲ್ಲಿ ಪ್ರತಿ ಮೊಕದ್ದಮೆಗೂ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಗೊತ್ತಿದ್ದರೆ ಬೇರೆ ಏನೂ ಬೇಡ. ಗೊತ್ತಿಲ್ಲದಿದ್ದರೆ ಕಕ್ಷಿಯ ಹೆಸರು ಮತ್ತು ವರ್ಷದಿಂದ ಹುಡುಕಬಹುದು. ಆಗ ಜಿಲ್ಲೆ, ನ್ಯಾಯಾಲಯದ ಸಂಕೀರ್ಣ, ಪ್ರಕರಣ ಬಾಕಿ ಇದೆಯೋ ಮುಗಿದಿದೆಯೋ ಎಂಬುದನ್ನು ಸರಿಯಾಗಿ ಆರಿಸಬೇಕು. ಹೈಕೋರ್ಟು ಅಹಮದಾಬಾದಿನ ಸೋಲಾದಲ್ಲಿದೆ. ಅದರ ಪ್ರಕರಣಗಳನ್ನು ಬೇರೆಯಾಗಿಯೇ ನೋಡಬೇಕು.

ಹೆಸರಿನ ಹುಡುಕಾಟ ಏಕೆ ಕೈಕೊಡುತ್ತದೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಗುಜರಾತಿನ ರೀತಿಯಲ್ಲಿ ಹೆಸರಿಗೆ ಮೂರು ಭಾಗ: ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು. ಮೇಲೆ ‘ಭಾಯಿ’, ‘ಬೆನ್’ ಒಮ್ಮೆ ಸೇರುತ್ತದೆ, ಒಮ್ಮೆ ಬಿಡುತ್ತದೆ. ಕನ್ನಡಿಗರ ಕಷ್ಟ ಇನ್ನೂ ಬೇರೆ. ಇನಿಷಿಯಲ್ ಮಾತ್ರ ಇರುವವರಿಗೆ ಗುಮಾಸ್ತ ಒಂದು ಅಡ್ಡಹೆಸರನ್ನು ಹುಟ್ಟಿಸಿಯೇ ಬಿಡುತ್ತಾನೆ. ಸಾಮಾನ್ಯವಾಗಿ ಅದು ತಂದೆಯ ಹೆಸರು, ಕೆಲವೊಮ್ಮೆ ಊರಿನ ಹೆಸರು. ಆದ್ದರಿಂದ ಪೂರ್ತಿ ಹೆಸರು ಒತ್ತುವುದಕ್ಕಿಂತ, ತಪ್ಪಾಗಿ ಬರೆಯಲು ಆಗದಂಥ ಮೂರು ನಾಲ್ಕು ಅಕ್ಷರ ಮಾತ್ರ ಒತ್ತುವುದು ಜಾಣತನ. ಊರಿನ ಹೆಸರಿಗೂ ಇದೇ ಮಾತು. ಇಂಗ್ಲಿಷಿನಲ್ಲಿ ಅಹಮದಾಬಾದಿನ ಪಾಲಿಕೆ ತನ್ನನ್ನು ‘ಅಮ್ದಾವಾದ್’ ಎಂದು ಕರೆದುಕೊಳ್ಳುತ್ತದೆ. ಜನಗಣತಿಯ ಕಾಗುಣಿತ ಬೇರೆ, ಪತ್ರಿಕೆಗಳದ್ದು ಬೇರೆ.

ಗೂಗಲ್‌ನಂಥ ಸಾಮಾನ್ಯ ಹುಡುಕುಯಂತ್ರ ಈ ಜಾಲತಾಣಗಳ ಒಳಗೆ ಇಣುಕಲಾರದು. ಸಾತ್-ಬಾರ್ ಅದರಲ್ಲಿ ಸಿಗುವುದಿಲ್ಲ. ಸುತ್ತೋಲೆ, ಅಧಿಸೂಚನೆ, ಟಿಪಿ ನಕ್ಷೆಗಳಿಗೆ ಮಾತ್ರ ಅದು ಒಳ್ಳೆಯದು. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ವಿವರಣ ಚಿಹ್ನೆಯಾದ ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ಗುಜರಾತ್ ಡಾಟ್ ಗೌ ಡಾಟ್ ಇನ್ ಎಂದು ಸೇರಿಸಿದರೆ ಸರ್ಕಾರಿ ಪುಟಗಳು ಮಾತ್ರ ಬರುತ್ತವೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಆ ಪದಗಳು ಅದೇ ಕ್ರಮದಲ್ಲಿ ಇರುವ ಪುಟಗಳು ಬರುತ್ತವೆ. ಗುಜರಾತಿ ಟೈಪು ಮಾಡಲು ಬಾರದವರು ಹಳ್ಳಿಯ ಹೆಸರನ್ನು ಒಂದು ಪುಟದಿಂದ ನಕಲು ಮಾಡಿ ಇನ್ನೊಂದರಲ್ಲಿ ಅಂಟಿಸಬಹುದು. ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ತಾಣಗಳು ಮೊದಲಿಗೆ ಬರುತ್ತವೆ. ವಿಳಾಸ ‘ಗೌ ಡಾಟ್ ಇನ್’ ಎಂದು ಮುಗಿಯದಿದ್ದರೆ ಅಲ್ಲಿ ಹಣ ಕಟ್ಟಬಾರದು.

ಜನನ, ಮರಣದ ದಾಖಲೆಗೆ ಗುಜರಾತಿನಲ್ಲಿ ‘ಇ-ಓಳಖ್’ ಎಂಬ ಜಾಲತಾಣವಿದೆ. ಘಟನೆ ನಡೆದ ಊರಿನಲ್ಲಿ ನೋಂದಣಿ, ವಾಸದ ಊರಿನಲ್ಲಲ್ಲ. ಆನಂದ್ ಊರಿನಲ್ಲಿ ವಾಸವಿದ್ದು ವಡೋದರದ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ದಾಖಲೆ ವಡೋದರದಲ್ಲಿಯೇ ಇರುತ್ತದೆ.

ಎಲ್ಲ ಬಾಗಿಲು ತಟ್ಟಿಯೂ ಸಿಗದ ಕಾಗದಕ್ಕೆ ಮಾಹಿತಿ ಹಕ್ಕು ಅರ್ಜಿ ಉಳಿದಿದೆ. ಕರ್ನಾಟಕದಲ್ಲಿ 10 ರೂಪಾಯಿ, ಗುಜರಾತಿನಲ್ಲಿ 20. ಅರ್ಜಿಯನ್ನು ಗುಜರಾತಿಯಲ್ಲಿಯೇ ಬರೆಯಬೇಕೆಂದಿಲ್ಲ, ಇಂಗ್ಲಿಷು ಅಥವಾ ಹಿಂದಿ ಸಾಕು. ಉತ್ತರಕ್ಕೆ 30 ದಿನ. ‘ನನ್ನ ಮನೆಯ ಎಲ್ಲ ದಾಖಲೆ ಕೊಡಿ’ ಎಂಬ ಅರ್ಜಿ ಮೂಲೆ ಸೇರುವುದು ಸುಲಭ. ‘ಇಂಥ ಟಿಪಿ ಯೋಜನೆಯ, ಇಂಥ ಎಫ್‌ಪಿಯ ಎಫ್ ಫಾರ್ಮಿನ ನಕಲು ಕೊಡಿ’ ಎಂಬ ಅರ್ಜಿಯನ್ನು ಹಾಗೆ ಸರಿಸಿಡುವುದು ಕಷ್ಟ.

ಕೊನೆಯದಾಗಿ, ಪರದೆಯ ಮೇಲೆ ಕಂಡದ್ದು ನೋಡುವುದಕ್ಕೆ ಮಾತ್ರ. ಎನಿ ಆರ್‌ಒಆರ್ ಪುಟವನ್ನು ಮುದ್ರಿಸಿ ಬ್ಯಾಂಕಿಗೆ ಒಯ್ದರೆ ಅವರು ಒಪ್ಪುವುದಿಲ್ಲ. ಕಂದಾಯ ಇಲಾಖೆಯದೇ ಆದ ‘ಐ-ಓರಾ’ ಎಂಬ ಜಾಲತಾಣದಲ್ಲಿ ಅಲ್ಪ ಶುಲ್ಕಕ್ಕೆ ಡಿಜಿಟಲ್ ಸಹಿ ಇರುವ ಪ್ರತಿ ಸಿಗುತ್ತದೆ. ಅದರ ಮೂಲೆಯಲ್ಲಿ ಚುಕ್ಕೆಚುಕ್ಕೆಯ ಚೌಕವೊಂದು ಇರುತ್ತದೆ. ಫೋನು ಹಿಡಿದರೆ ಅಸಲು ದಾಖಲೆ ತೆರೆಯಬೇಕು. ತೆರೆದದ್ದನ್ನು ಕೈಯಲ್ಲಿರುವ ಕಾಗದದೊಂದಿಗೆ ತಾಳೆ ನೋಡುವಾಗ ಹೆಸರಿಗಿಂತ ಮೊದಲು ನಂಬರುಗಳನ್ನು, ಅದರಲ್ಲೂ ಎರಡು ಮತ್ತು ಐದನ್ನು, ಇನ್ನೊಮ್ಮೆ ಓದಬೇಕು.